ಪ್ಲಾಸ್ಟ್ ಶಿಬಿರಗಳಿಗೆ ಬೇಕಿರುವುದು ಚೆಕ್ಕಲ್ಲ, ಆಳು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿರುವ ಉಕ್ರೇನಿಯನ್ನರ ಸ್ಕೌಟ್ ಸಂಸ್ಥೆ ‘ಪ್ಲಾಸ್ಟ್’ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಮಕ್ಕಳ ಸಮವಸ್ತ್ರ, ಹಾಡು, ಶಿಬಿರದ ಬೆಂಕಿ ಇಷ್ಟರಲ್ಲೇ ನಿಂತಿತು. ದೊಡ್ಡವರ ವಿಷಯ ‘ಪೋಷಕರ ಸಹಕಾರದಿಂದ’ ಎಂಬೆರಡು ಪದಗಳಲ್ಲಿ ಮುಗಿದುಹೋಯಿತು. ಈ ಸಂಸ್ಥೆ ಇಷ್ಟು ಕಾಲ ಉಳಿದದ್ದು ದೊಡ್ಡವರಿಂದ, ಕೆಲವು ಊರುಗಳಲ್ಲಿ ಈಗ ಏದುಸಿರು ಬಿಡುತ್ತಿರುವುದೂ ದೊಡ್ಡವರು ಸಾಲದ್ದರಿಂದ. ಹಾಗಾಗಿ ಈ ಪತ್ರ.

ಈಗ ಪಶ್ಚಿಮ ಉಕ್ರೇನ್‌ನಲ್ಲಿರುವ ಲ್ವಿವ್ ನಗರದಲ್ಲಿ 1911ರಲ್ಲಿ ಒಲೆಕ್ಸಾಂಡರ್ ತಿಸೋವ್ಸ್ಕಿ ಎಂಬ ಶಾಲಾ ಶಿಕ್ಷಕರು ಮತ್ತು ಅವರ ಜೊತೆಗಾರರು ಶುರುಮಾಡಿದ ಕೆಲಸವಿದು. ಮೊದಲ ಪ್ರತಿಜ್ಞೆ ನಡೆದದ್ದು 1912ರ ಏಪ್ರಿಲ್ 12ರಂದು. ಲ್ವಿವ್ ಇರುವ ಗಲೀಷಿಯಾ ಪ್ರಾಂತ್ಯ ಮುಂದೆ ಪೋಲೆಂಡಿನ ಆಳ್ವಿಕೆಗೆ ಬಂತು, ಅಲ್ಲಿ ಪೋಲೆಂಡ್ ಸರ್ಕಾರ 1930ರಲ್ಲಿ ಪ್ಲಾಸ್ಟನ್ನು ನಿಷೇಧಿಸಿತು. ಎರಡನೇ ಮಹಾಯುದ್ಧದ ನಂತರ ಜರ್ಮನಿಯ ನಿರಾಶ್ರಿತರ ಶಿಬಿರಗಳಲ್ಲಿ ಮತ್ತೆ ತಲೆಯೆತ್ತಿ, ಅಲ್ಲಿಂದ ವಲಸಿಗರ ಜೊತೆ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಅರ್ಜೆಂಟೀನಾ ಸೇರಿತು.

ಇದರ ವಿಶೇಷವೆಂದರೆ ಸದಸ್ಯತ್ವ 18ಕ್ಕೆ ಮುಗಿಯುವುದಿಲ್ಲ. ಸುಮಾರು 6ರಿಂದ 11 ವರ್ಷದವರು ನೋವಾಕಿ, ಆಮೇಲೆ 17ರವರೆಗೆ ಯುನಾಕಿ, 18 ದಾಟಿದರೆ ಸ್ತಾರ್ಷಿ ಪ್ಲಾಸ್ತುನಿ, 35ರ ನಂತರ ಸೆನ್ಯೋರಿ. ದೊಡ್ಡವರೂ ಸಮವಸ್ತ್ರ ತೊಟ್ಟು ‘ಕುರಿನ್’ ಎಂಬ ತಂತಮ್ಮ ಬಳಗ ಸೇರುತ್ತಾರೆ. ಬಳಗಕ್ಕೊಂದು ಹೊಣೆ ಇರುತ್ತದೆ. ಚೊರ್ನೊಮೋರ್ತ್ಸಿ ಬಳಗದವರದು ದೋಣಿ ಮತ್ತು ನೀರಿನ ತರಬೇತಿ. ಪೆರ್ಶಿ ಸ್ತೆಝಿ ಎಂಬ ಹೆಣ್ಣುಮಕ್ಕಳ ಬಳಗ ನ್ಯೂಯಾರ್ಕ್ ರಾಜ್ಯದ ಸೊಯುಝಿವ್ಕಾದಲ್ಲಿ ಪುಟಾಣಿಗಳ ಶಿಬಿರ ನಡೆಸುತ್ತದೆ. ಅಲ್ಲಿ ಅಪ್ಪ ಅಮ್ಮಂದಿರೂ ಜೊತೆಗಿರುತ್ತಾರೆ. ಪ್ಲಾಸ್ಟ್‌ನಲ್ಲಿ ಬೆಳೆಯದ ಪೋಷಕರಿಗೆ ಬೆಂಬಲಿಗರ ಸಂಘವಾದ ‘ಪ್ಲಾಸ್ಟ್‌ಪ್ರಿಯಾತ್’ ಇದೆ.

ಇಷ್ಟೆಲ್ಲ ಇದ್ದೂ ಕೊರತೆ ಯಾಕೆ? ವಾರದ ಸಭೆಗಳಲ್ಲಿ ಮಕ್ಕಳ ತಂಡ ನಡೆಸುವವರು ಹೆಚ್ಚಾಗಿ 18ರಿಂದ 25ರವರು. ಅವರು ಆಗಸ್ಟ್ ಕೊನೆಗೆ ಕಾಲೇಜಿಗೆಂದು ಬೇರೆ ಊರಿಗೆ ಹೊರಡುತ್ತಾರೆ, ಋತುವಿನ ಮೊದಲ ಸಭೆ ಬೀಳುವುದು ಸೆಪ್ಟೆಂಬರ್‌ನಲ್ಲಿ. ಬದಲಿ ಹುಡುಕುವ ಕೆಲಸ ಏಪ್ರಿಲ್‌ನಲ್ಲೇ ಆಗಬೇಕು. ಯಾರೂ ಸಿಗದಿದ್ದಾಗ ಎರಡು ತಂಡಗಳನ್ನು ಒಂದು ಮಾಡುತ್ತಾರೆ. ಆರೇಳು ಮಕ್ಕಳ ತಂಡ ಹದಿನೈದಾದಾಗ ಆಟ ಗದ್ದಲವಾಗುತ್ತದೆ, ಉಕ್ರೇನಿಯನ್ ಮಾತಾಡಲು ತಡವರಿಸುವ ಮಗು ಬಾಯಿ ಮುಚ್ಚಿಕೊಳ್ಳುತ್ತದೆ, ಮುಂದಿನ ವರ್ಷ ಬರುವುದೇ ಇಲ್ಲ.

ಬೇಸಿಗೆ ಶಿಬಿರದ ಲೆಕ್ಕ ಇನ್ನೂ ಕಟ್ಟುನಿಟ್ಟು. ಪ್ಲಾಸ್ಟ್‌ನ ‘ವೊವ್ಚಾ ತ್ರೊಪಾ’ ಶಿಬಿರದ ಜಾಗ ನ್ಯೂಯಾರ್ಕ್ ರಾಜ್ಯದ ಈಸ್ಟ್ ಚಾಟಮ್‌ನಲ್ಲಿದೆ. ರಾತ್ರಿ ತಂಗುವ ಶಿಬಿರಗಳಲ್ಲಿ 8 ವರ್ಷ ಮೇಲ್ಪಟ್ಟ 10 ಮಕ್ಕಳಿಗೆ ಒಬ್ಬರು, ಅದಕ್ಕೂ ಚಿಕ್ಕವರಾದರೆ 8 ಮಕ್ಕಳಿಗೆ ಒಬ್ಬರು ಮೇಲ್ವಿಚಾರಕರು ಬೇಕೆಂದು ಆ ರಾಜ್ಯದ ನಿಯಮ ಹೇಳುತ್ತದೆ. 8 ದಾಟಿದ 60 ಮಕ್ಕಳಿಗೆ ಕಾಗದದ ಮೇಲೆ 6 ಜನ ಸಾಕು. ಆದರೆ ಒಬ್ಬರಿಗೆ ವಾರದ ರಜೆ, ಇನ್ನೊಬ್ಬರು ಜ್ವರ ಬಂದ ಮಗುವಿನ ಪಕ್ಕ, ಮತ್ತೊಬ್ಬರು ರಾತ್ರಿ ಕಾವಲು ಮುಗಿಸಿ ಮಲಗಿರುತ್ತಾರೆ. ಒಂಬತ್ತು ಜನರಿಲ್ಲದೆ 60 ಮಕ್ಕಳ ನೋಂದಣಿಗೆ ಒಪ್ಪುವುದು ಹುಂಬತನ. ಈಜಿಗಿಳಿದಾಗ ಜೀವರಕ್ಷಕರು ಪ್ರತ್ಯೇಕ; ಮಕ್ಕಳು ಜೋಡಿಜೋಡಿಯಾಗಿಯೇ ಇಳಿಯಬೇಕು, ಸೀಟಿ ಊದಿದೊಡನೆ ಜೊತೆಗಾರರ ಕೈ ಹಿಡಿದು ಎಣಿಕೆಗೆ ನಿಲ್ಲಬೇಕು. ಎಣಿಸುವವರೇ ನೀರಿಗಿಳಿದು ಆಟಕ್ಕೆ ಸೇರಿದರೆ ವ್ಯವಸ್ಥೆ ಅಲ್ಲೇ ಮುರಿಯುತ್ತದೆ.

‘ನನಗೆ ಸ್ಕೌಟಿಂಗ್ ಗೊತ್ತಿಲ್ಲ, ಚೆಕ್ ಬರೆದುಕೊಡುತ್ತೇನೆ’ ಎನ್ನುವ ಪೋಷಕರೇ ಎಲ್ಲೆಡೆ ಹೆಚ್ಚು. ಗಂಟು ಕಟ್ಟಲು ಬಾರದವರೂ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಆ ಭಾಗದ ಹುಲ್ಲಿನಲ್ಲಿ ಲೈಮ್ ಕಾಯಿಲೆ ಹರಡುವ ಉಣುಗು ಹೇರಳ. ಮರಿ ಉಣುಗು ಗಸಗಸೆ ಕಾಳಿಗಿಂತ ದೊಡ್ಡದಿರುವುದಿಲ್ಲ. ದಿನವೂ ಸಂಜೆ ಮೈ ತಪಾಸಣೆ ಆಗಬೇಕು: ಕಿವಿಯ ಹಿಂಭಾಗ, ಕೂದಲಿನ ಅಂಚು, ಕಂಕುಳು, ಸೊಂಟದ ಪಟ್ಟಿ, ಮಂಡಿಯ ಹಿಂಬದಿ. ತೊಡೆಯ ಸಂದನ್ನು ಮಗುವೇ ಒಳಗೆ ಹೋಗಿ ಕನ್ನಡಿಯಲ್ಲಿ ನೋಡಿಕೊಳ್ಳಲಿ. ಒಬ್ಬರೇ ದೊಡ್ಡವರು ಒಂದೇ ಮಗುವಿನ ಜೊತೆ ಟೆಂಟಿನೊಳಗೆ ಇರಕೂಡದು. ಕಚ್ಚಿದ್ದು ಕಂಡರೆ ಸಪೂರ ಮೊನೆಯ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ ನೇರಕ್ಕೆ ಎಳೆಯಬೇಕು. ಎಣ್ಣೆ ಸುರಿಯುವುದು, ಬೆಂಕಿಕಡ್ಡಿ ಸೋಕಿಸುವುದು ಬೇಡ. ಜಾಗ ತೊಳೆದು, ಕಚ್ಚಿದ ಭಾಗ ಮತ್ತು ದಿನಾಂಕವನ್ನು ಆರೋಗ್ಯ ದಾಖಲೆಯಲ್ಲಿ ಬರೆದು, ಮನೆಯವರಿಗೂ ತಿಳಿಸಬೇಕು. ಇಷ್ಟನ್ನು ಅಚ್ಚುಕಟ್ಟಾಗಿ ಮಾಡುವ ಇಬ್ಬರು ಇಡೀ ಶಿಬಿರಕ್ಕೆ ದೊಡ್ಡ ಆಸರೆ.

ಅಡುಗೆಮನೆಯದೂ ಅದೇ ಕಥೆ. ಉಳಿದ ಬೋರ್ಷ್ ಸಾರನ್ನು ಹಂಡೆ ಸಮೇತ ಫ್ರಿಜ್‌ನಲ್ಲಿಟ್ಟರೆ ಬೆಳಗಾದರೂ ನಡುಭಾಗ ಬೆಚ್ಚಗೇ ಇರುತ್ತದೆ, ಮಾರನೇ ದಿನ ಸಾಲಾಗಿ ಹೊಟ್ಟೆನೋವು. ಬೋಗುಣಿಯಂಥ ಅಗಲ ಪಾತ್ರೆಗಳಿಗೆ ನಾಲ್ಕು ಬೆರಳು ಆಳಕ್ಕೆ ಸುರಿದು, ಐಸ್ ನೀರಿನಲ್ಲಿಟ್ಟು ಆರಿಸಿ, ಆಮೇಲೆ ಒಳಗಿಡಬೇಕು.

ಉತ್ಸಾಹ ಹೆಚ್ಚಾದರೂ ಕಷ್ಟವೇ. ಯುನಾಕಿ ಮಕ್ಕಳು ತಮ್ಮ ತಂಡದ ಮುಖಂಡನನ್ನು ತಾವೇ ಆರಿಸುತ್ತಾರೆ, ಸಭೆಯನ್ನೂ ತಾವೇ ನಡೆಸುತ್ತಾರೆ. ‘ಜ್ವ್ಯಾಜ್ಕೊವಿ’ ಎಂಬ ಹಿರಿಯರು ಜೊತೆಗಿದ್ದು ಸಲಹೆ ಕೊಡುವವರು ಮಾತ್ರ. ಮಳೆ ಬರುತ್ತದೆಂದು ಅಪ್ಪಂದಿರೇ ಟೆಂಟ್ ಹೂಡಿಕೊಟ್ಟರೆ ಮಕ್ಕಳು ಕಲಿಯುವುದೇನು? ಮಗ ಇರುವ ತಂಡವನ್ನೇ ಅಪ್ಪ ನಡೆಸುವುದೂ ಬೇಡ. ಉಳಿದವರಿಗೆ ಪಕ್ಷಪಾತ ಕಾಣುತ್ತದೆ. ಮಗನಿಗಂತೂ ಮನೆ ಬಿಟ್ಟು ಬಂದಂತೆಯೇ ಆಗುವುದಿಲ್ಲ. ಇನ್ನು ಹಳೆಯ ಸೆನ್ಯೋರಿಗಳಲ್ಲಿ ಕೆಲವರು ಗೋದಾಮಿನ ಕೀಲಿ, ಬ್ಯಾಂಕ್ ಸಹಿ, ಹೆಸರುಪಟ್ಟಿ ಮೂರನ್ನೂ ಹತ್ತಾರು ವರ್ಷ ತಾವೇ ಇಟ್ಟುಕೊಂಡಿರುತ್ತಾರೆ. ಸೇವೆ ದೊಡ್ಡದು, ನಿಜ. ಅವರು ಹಾಸಿಗೆ ಹಿಡಿದ ದಿನ ಟೆಂಟುಗಳ ಲೆಕ್ಕ ಯಾರಿಗೂ ತಿಳಿದಿರುವುದಿಲ್ಲ. ಪ್ರತಿ ಹೊಣೆಗೂ ಒಬ್ಬ ಕಿರಿಯ ಜೊತೆಗಾರ ಇರಲೇಬೇಕು.

2022ರ ನಂತರ ಯುದ್ಧದಿಂದ ಪಾರಾಗಿ ಬಂದ ಕುಟುಂಬಗಳ ಮಕ್ಕಳೂ ಸೇರುತ್ತಿದ್ದಾರೆ. ಅವರ ಉಕ್ರೇನಿಯನ್ ನೀರು ಕುಡಿದಷ್ಟು ಸಲೀಸು, ಅಮೆರಿಕದ ಕಾಗದಪತ್ರ ಮಾತ್ರ ಕಬ್ಬಿಣದ ಕಡಲೆ. ಅಲ್ಲಿಂದ ತಂದ ಲಸಿಕೆ ದಾಖಲೆ ಉಕ್ರೇನಿಯನ್‌ನಲ್ಲಿರುತ್ತದೆ, ಅದನ್ನು ಇಂಗ್ಲಿಷಿಗೆ ತಂದು ಸ್ಥಳೀಯ ವೈದ್ಯರ ಸಹಿ ಹಾಕಿಸಬೇಕು. ಉಕ್ರೇನ್‌ನಲ್ಲಿ ಹುಟ್ಟಿದ ಕೆಲವೇ ದಿನಗಳಲ್ಲಿ ಕ್ಷಯದ ಲಸಿಕೆಯಾದ ಬಿಸಿಜಿ ಹಾಕುವುದರಿಂದ ಕ್ಷಯದ ಚರ್ಮ ಪರೀಕ್ಷೆ ಕಾಯಿಲೆ ಇಲ್ಲದೆಯೂ ಪಾಸಿಟಿವ್ ಬರಬಹುದು. ರಕ್ತ ಪರೀಕ್ಷೆಯಾದರೆ ಆ ಗೊಂದಲವಿಲ್ಲ. ಎರಡೂ ಭಾಷೆ ಬಲ್ಲ ಒಬ್ಬ ಪೋಷಕರು ಮೇ ತಿಂಗಳ ಎರಡು ಶನಿವಾರ ಕೂತರೆ ಈ ಕೆಲಸ ಮುಗಿಯುತ್ತದೆ. ಜುಲೈನಲ್ಲಿ ಶಿಬಿರದ ಗೇಟಿನ ಬಳಿ ನೋಡಿಕೊಳ್ಳೋಣ ಎಂದರೆ, ಮೂಟೆ ಹೊತ್ತು ಬಂದ ಮಗುವನ್ನು ವಾಪಸ್ ಕಳಿಸಬೇಕಾಗುತ್ತದೆ.

ಇತಿ,
ಒಬ್ಬ ಓದುಗ