ಪತ್ತನಾಜೆ ಕಳೆದ ಮೇಲೆ ಇಲ್ಲಿಗೆ ಬಾ
(ಶಾಂತಿನಿಕೇತನದಿಂದ ಗೆಳೆಯನಿಗೊಂದು ಪತ್ರ)

ಪ್ರೀತಿಯ ಗೆಳೆಯಾ,

‘ನೀನು ಬರೆದಾಗಲೆಲ್ಲ ಹಬ್ಬದ ಸುದ್ದಿಯೇ. ಅಲ್ಲಿ ಓದುವುದು ಯಾವಾಗ?’ ಎಂದು ಕೇಳಿದ್ದೀಯ. ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸುವ ನಿನಗೆ ಉತ್ತರ ಹೇಳುವುದು ಸುಲಭ. ಗುರುಗಳ ಮನೆಯ ಚಾವಡಿಯಲ್ಲಿ ಪಾಠವಾಯಿತು, ಸರಿ. ಆದರೆ ಭಾಗವತರ ಪಕ್ಕದಲ್ಲಿ ಬೆಳಗಿನವರೆಗೆ ಕುಳಿತಾಗಲ್ಲವೇ ನಿನ್ನ ಕೈ ಪಳಗಿದ್ದು? ಇಲ್ಲಿ ವಿಶ್ವಭಾರತಿಯ ಸಂಗೀತ ಭವನದಲ್ಲಿ ಪಠ್ಯಕ್ರಮವಿದೆ, ಹಾಜರಿಯಿದೆ, ಪರೀಕ್ಷೆಯೂ ಇದೆ. ಹಾಡು ಮೈಗೂಡುವುದು ಮಾತ್ರ ಉತ್ಸವದ ತಯಾರಿಯಲ್ಲಿ.

ಒಂದು ವ್ಯತ್ಯಾಸವಿದೆ, ಅದು ನನ್ನನ್ನು ಈಗಲೂ ಯೋಚನೆಗೆ ಹಚ್ಚುತ್ತದೆ. ನಮ್ಮಲ್ಲಿ ಪತ್ತನಾಜೆಗೆ, ತುಳುವರ ಬೇಶ ತಿಂಗಳ ಹತ್ತನೆಯ ದಿನಕ್ಕೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆ ಬಂತೆಂದರೆ ಚೌಕಿಯ ಪೆಟ್ಟಿಗೆಗಳು ಒಳಗೆ. ಇಲ್ಲಿ ಮಳೆ ಬಂದ ಮೇಲೆಯೇ ಹಾಡಿಗೆ ಕಳೆ. ರವೀಂದ್ರರ ಹಾಡುಗಳ ಸಂಗ್ರಹವಾದ ‘ಗೀತವಿತಾನ’ದ ಪ್ರಕೃತಿ ವಿಭಾಗದಲ್ಲಿ 283 ಹಾಡುಗಳಿವೆ. ಅವುಗಳಲ್ಲಿ 115 ಮಳೆಗಾಲದವು, 96 ವಸಂತದವು. ಹೇಮಂತದ ಪಾಲಿಗೆ ಬಂದದ್ದು ಐದೇ ಐದು. ಕೊಯ್ಲು ಮುಗಿದು ಹೊಲ ಬರಿದಾಗುವ ಆ ಕಾಲವನ್ನು ಯಾರೂ ಅಷ್ಟಾಗಿ ಹಾಡುವುದಿಲ್ಲ. ಆ ಐದು ಹಾಡುಗಳ ಮೇಲೆ ನನಗೆ ವಿಶೇಷ ಪ್ರೀತಿ ಹುಟ್ಟಿದೆ.

ನಿನ್ನ ಕೈಗೆ ಕೆಲಸ ಕೊಡುವ ವಿಷಯ ಹೇಳುತ್ತೇನೆ. ರವೀಂದ್ರರು ತಮ್ಮದೇ ಕೆಲವು ತಾಳಗಳನ್ನು ಕಟ್ಟಿದರು. ಝಂಪಕಕ್ಕೆ ಐದು ಮಾತ್ರೆ, ಮೂರು ಮತ್ತು ಎರಡು. ನಾವು ಖಂಡಛಾಪುವಿನಲ್ಲಿ ಎರಡು-ಮೂರು ಎಂದು ಎಣಿಸಿದವರು. ಇದು ಅದರ ತಿರುವುಮುರುವು. ಷಷ್ಠಿಗೆ ಎರಡು-ನಾಲ್ಕು, ರೂಪಕಡಾಕ್ಕೆ ಮೂರು-ಎರಡು-ಮೂರು, ನವತಾಳಕ್ಕೆ ಮೂರು-ಎರಡು-ಎರಡು-ಎರಡು, ಏಕಾದಶಿಗೆ ಮೂರು-ಎರಡು-ಎರಡು-ನಾಲ್ಕು. ತೊಡೆಯ ಮೇಲೆ ತಟ್ಟಿ ನೋಡು. ನವತಾಳದಲ್ಲಿ ಮೊದಲ ಮೂರು ಮಾತ್ರೆಗಳ ಮೇಲೆ ಕೊಂಚ ನಿಂತು, ಆಮೇಲೆ ಎರಡೆರಡಾಗಿ ಇಳಿದು ಹೋಗುವ ಆ ನಡೆ ನಿನಗೆ ಖಂಡಿತ ಹಿಡಿಸುತ್ತದೆ.

ಇಲ್ಲಿ ಮನೋಧರ್ಮಕ್ಕೆ, ಅಂದರೆ ಹಾಡುವಾಗಲೇ ಹೊಸದಾಗಿ ಕಟ್ಟುವುದಕ್ಕೆ, ಜಾಗವಿಲ್ಲ. ಹಾಡು ಮುದ್ರಿತ ಸ್ವರಲಿಪಿಯಲ್ಲಿ ಹೇಗಿದೆಯೋ ಹಾಗೆಯೇ ಹಾಡಬೇಕು. ವರ್ಷಗಟ್ಟಲೆ ಆಲಾಪನೆ, ನೆರವಲ್ ಎಂದು ಓಡಾಡಿದ ಗಂಟಲಿಗೆ ಈ ಕಟ್ಟು ಬಿಗಿ ಎನಿಸುತ್ತದೆ. ಆದರೆ ಸಂಚಾರಿಯವರೆಗೆ ತಾಳ್ಮೆಯಿಂದ ಬಂದವರಿಗೆ ಫಲವಿದೆ. ಸ್ಥಾಯಿ, ಅಂತರಾ ಮುಗಿದು ಮೂರನೆಯ ಭಾಗಕ್ಕೆ ಬಂದಾಗ ರಾಗ ಮಂದ್ರಕ್ಕಿಳಿದು ಮಾತು ಒಳಗಿನಿಂದ ಬರತೊಡಗುತ್ತದೆ. ಪಕ್ಕದಲ್ಲಿ ಕಮಾನಿನಿಂದ ನುಡಿಸುವ ಎಸ್ರಾಜ್ ಇದ್ದರಂತೂ ಕೇಳುವುದೇ ಬೇಡ. ನಾನು ಇಷ್ಟು ದೂರ ಬಂದದ್ದಕ್ಕೆ ಆ ಸಂಚಾರಿಯೊಂದೇ ಸಾಕು.

ಒಂದು ದಿನ ಪಾಠದ ನಡುವೆ ಶಿಕ್ಷಕಿ (ಇಲ್ಲಿ ಗುರುಗಳನ್ನೂ ‘ದಾ’, ‘ದಿ’ ಸೇರಿಸಿ ಅಣ್ಣ, ಅಕ್ಕ ಎಂದೇ ಕರೆಯುತ್ತಾರೆ) ನನ್ನ ಕಡೆ ನೋಡಿ, ‘ಈ ಹಾಡಿನ ಧಾಟಿ ನಿಮ್ಮ ಕನ್ನಡದ್ದು’ ಎಂದರು. ಬೇರೆ ಭಾಷೆಯ ಹಾಡುಗಳ ಮಟ್ಟಿನ ಮೇಲೆ ರವೀಂದ್ರರು ರಚಿಸಿದವುಗಳನ್ನು ‘ಭಾಂಗಾ ಗಾನ್’ ಎನ್ನುತ್ತಾರೆ. ಅವುಗಳಲ್ಲಿ ಕನ್ನಡದ ಮಟ್ಟುಗಳೂ ಇವೆ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರರು ಅಲ್ಲಿಗೆ ಬಂದು ತಂಗಿದ್ದರೆಂಬುದು ನಿನಗೆ ಗೊತ್ತೇ ಇದೆ. ಆ ದಿನ ನನಗಾದ ಸಂತೋಷವನ್ನು ಯಾರಿಗೆ ಹೇಳಲಿ? ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಎಲ್ಲರೂ ಕೇಳುವುದು ವಸಂತೋತ್ಸವದ ಬಗ್ಗೆ. ಹಳದಿ ಸೀರೆ, ಅಬೀರು, ಮುತ್ತುಗದ ಹೂವಿನ ಚಿತ್ರಗಳನ್ನು ನೀನೂ ನೋಡಿದ್ದೀಯ. ಅದರ ಮೂಲದಲ್ಲಿ ಒಂದು ಮಗುವಿದೆ ಎಂಬುದು ಆ ಚಿತ್ರಗಳಲ್ಲಿ ಕಾಣುವುದಿಲ್ಲ. 1907ರಲ್ಲಿ ಕವಿಯ ಕಿರಿಯ ಮಗ ಶಮೀಂದ್ರನಾಥ ತನ್ನ ಜೊತೆಗಾರರನ್ನು ಸೇರಿಸಿಕೊಂಡು, ಋತುಗಳ ವೇಷ ಹಾಕಿ ಇಲ್ಲಿ ಮೊದಲ ಋತು ಉತ್ಸವ ಆಚರಿಸಿದ. ಅದೇ ವರ್ಷ ಮುಂಗೇರಿನಲ್ಲಿ ಕಾಲರಾ ತಗುಲಿ ತೀರಿಕೊಂಡ. ಅವನಿಗಿನ್ನೂ ಹನ್ನೊಂದು ವರ್ಷ ತುಂಬಿರಲಿಲ್ಲ. ಮಗ ಶುರುಮಾಡಿದ ಆಟವನ್ನು ತಂದೆ ಬಿಡಲಿಲ್ಲ. ಮರುವರ್ಷವೇ ಶರತ್ಕಾಲಕ್ಕೊಂದು ನಾಟಕ ಬರೆದರು. ಆಮೇಲೆ ಮಳೆಗಾಲದ ಉತ್ಸವ ವರ್ಷಾಮಂಗಲ ಬಂತು, ಒಂದೊಂದು ಋತುವಿಗೂ ಹಾಡು, ಕುಣಿತ ಬಂತು. ಬೆಳಗಿನ ಮೆರವಣಿಗೆಯಲ್ಲಿ ಹಾಡುತ್ತಾ ಹೋಗುವಾಗ ಆ ಹುಡುಗನ ನೆನಪಾಗುತ್ತದೆ.

ನಾನು ಪೂರಕ ವಿಷಯವಾಗಿ ಮಣಿಪುರಿ ನೃತ್ಯ ಕಲಿಯುತ್ತಿದ್ದೇನೆ. 1919ರಲ್ಲಿ ಸಿಲ್ಹೆಟ್‌ನಲ್ಲಿ ಮಣಿಪುರಿ ಕುಣಿತ ನೋಡಿದ ರವೀಂದ್ರರು ಅದರ ಗುರುಗಳನ್ನು ಇಲ್ಲಿಗೆ ಕರೆಸಿದರು. ಮುಖದ ಅಭಿನಯ ತೀರಾ ಕಡಿಮೆ, ಎಲ್ಲ ಚಲನೆಯೂ ದುಂಡಗೆ, ಹೆಜ್ಜೆ ನೆಲಕ್ಕೆ ತಾಗಿದ ಸದ್ದೇ ಕೇಳಬಾರದು. ಯಕ್ಷಗಾನದ ಬಡಗುತಿಟ್ಟಿನ ಅಬ್ಬರದ ಕುಣಿತವನ್ನೂ ತೆಂಕುತಿಟ್ಟಿನ ಗಿರಕಿಯನ್ನೂ ನೋಡಿ ಬೆಳೆದ ನಮಗೆ ಅದು ಬೇರೆಯೇ ಲೋಕ.

ಆದರೂ ನೀನು ನೋಡಲೇಬೇಕಾದದ್ದು ಶ್ರಾವಣದ ಎರಡು ದಿನಗಳು. ಬಂಗಾಳಿ ಪಂಚಾಂಗದ ಶ್ರಾವಣ 22, ಅಂದರೆ ಆಗಸ್ಟ್ ಎರಡನೆಯ ವಾರದ ಹೊತ್ತಿಗೆ, ರವೀಂದ್ರರು ತೀರಿಕೊಂಡ ದಿನ. ಆ ದಿನ ಇಲ್ಲಿ ಗಿಡ ನೆಡುತ್ತಾರೆ. ಸಿಂಗರಿಸಿದ ಪಲ್ಲಕ್ಕಿಯಲ್ಲಿ ಸಸಿಯನ್ನು ಕೂರಿಸಿ, ಹಾಡುತ್ತಾ ಕುಣಿಯುತ್ತಾ ಕರೆತರುತ್ತಾರೆ. ಮಣ್ಣು, ನೀರು, ಬೆಂಕಿ, ಗಾಳಿ, ಆಕಾಶಗಳ ಪರವಾಗಿ ಐದು ಮಕ್ಕಳು ನಿಲ್ಲುತ್ತಾರೆ. ಮರುದಿನ ಪಕ್ಕದ ಶ್ರೀನಿಕೇತನದಲ್ಲಿ ಹಲಕರ್ಷಣ. ನೆಲದ ಮೇಲೆ ಆಲ್ಪನಾ ಎಂಬ ರಂಗೋಲಿ ಬರೆದು, ಎತ್ತುಗಳನ್ನು ಅಲಂಕರಿಸಿ, ಮಂತ್ರ ಮತ್ತು ಹಾಡುಗಳ ನಡುವೆ ನೇಗಿಲು ಹೂಡುತ್ತಾರೆ. ಎರಡೂ 1928ರಿಂದ ಬಂದ ಆಚರಣೆಗಳು. ಬೀರ್‌ಭೂಮಿನ ಈ ಕೆಂಪು ಮುರಕಲ್ಲಿನ ನೆಲ ಮಳೆನೀರಿಗೆ ಕೊರೆದು ಕೊರೆದು ಖೋಯಾಯಿ ಎಂಬ ಕೊರಕಲುಗಳಾಗಿರುವುದನ್ನು ನೋಡಿದರೆ, ಗಿಡ ನೆಡುವುದು ಇಲ್ಲಿ ಯಾಕೆ ಹಬ್ಬವಾಯಿತು ಎಂದು ಯಾರೂ ವಿವರಿಸಬೇಕಿಲ್ಲ. ಪೂಜೆಗೆ ಮೂರ್ತಿಯಿಲ್ಲ, ಪ್ರಸಾದದ ಸಾಲಿಲ್ಲ. ಸಸಿಯೇ ದೊಡ್ಡ ಅತಿಥಿ. ನಮ್ಮ ಊರಿನ ಶಾಲೆಗಳಲ್ಲಿಯೂ ವನಮಹೋತ್ಸವ ನಡೆಯುತ್ತದೆ. ಅದಕ್ಕೊಂದು ಹಾಡು, ಒಂದು ಪಲ್ಲಕ್ಕಿ ಸೇರಿದರೆ ಮಕ್ಕಳು ಆ ಗಿಡವನ್ನು ಮರೆಯುತ್ತಾರೆಯೇ? ನೀನು ಊರಲ್ಲಿರುವವನು, ಇದನ್ನು ಮಾಡಬಲ್ಲೆ. ಹಾಡನ್ನು ನಾನು ಕಳಿಸುತ್ತೇನೆ.

ಇನ್ನೊಂದು ಮಾತು. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಕಲ್ಲಿನಿಂದ ಜಜ್ಜಿ ತೊಗಟೆ ತಂದು ಕಷಾಯ ಮಾಡುತ್ತೇವಲ್ಲ, ಆ ಪಾಲೆ ಮರವೇ ಇಲ್ಲಿನ ಛಾತಿಮ್. ರವೀಂದ್ರರ ತಂದೆ ದೇವೇಂದ್ರನಾಥರು ವಿಶ್ರಮಿಸಿದ್ದು ಅದರ ನೆರಳಿನಲ್ಲಿ. ಘಟಿಕೋತ್ಸವದಲ್ಲಿ ಪದವಿಯ ಜೊತೆಗೆ ಕೊಡುವುದು ಅದರ ಎಲೆಗಳನ್ನು. ನಾಲಿಗೆಯಲ್ಲಿ ಕಹಿಯಾಗಿ ಮಾತ್ರ ಗೊತ್ತಿದ್ದ ಮರ ಶರತ್ಕಾಲದಲ್ಲಿ ಹೂಬಿಟ್ಟು ಇಡೀ ರಾತ್ರಿಯನ್ನು ತುಂಬಿದಾಗ ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ಹಾಗಾಗಿ ಮಾರಾಯ, ಮೇಳ ನಿಂತ ಮೇಲೆ ಮನೆಯಲ್ಲಿ ಸುಮ್ಮನೆ ಕೂರಬೇಡ. ಆಗಸ್ಟ್‌ಗೆ ಬಾ. ಹೌರಾದಿಂದ ಬೋಲ್ಪುರಕ್ಕೆ ರೈಲಿನಲ್ಲಿ ಮೂರು ಗಂಟೆಯೊಳಗಿನ ದಾರಿ. ಟಿಕೆಟ್ ಬೇಗ ಮಾಡಿಸು, ಆ ವಾರ ಸಿಗುವುದು ಕಷ್ಟ. ಬುಧವಾರ ತರಗತಿಗೆ ರಜೆ. ಬೆಳಿಗ್ಗೆ ಗಾಜಿನ ಉಪಾಸನಾ ಗೃಹದಲ್ಲಿ ಪ್ರಾರ್ಥನೆಗೆ ಹೋಗಲು ಒಂದು ಬಿಳಿ ಪಂಚೆ ಇಟ್ಟುಕೋ. ಮದ್ದಳೆಯನ್ನೂ ತಾ. ಇಲ್ಲಿನ ಪಖಾವಜ್ ಶಿಕ್ಷಕರಿಗೆ ನಿನ್ನ ವಿಷಯ ಆಗಲೇ ಹೇಳಿದ್ದೇನೆ.

ನಿನ್ನ ಗೆಳತಿ