ಮಗಳಿಗೊಂದು ಪತ್ರ: ಹೊರಗೆ ಕೂತ ಆರು ಪಂದ್ಯ

ಕಲಬುರಗಿ

ಚಿ. ಮಗಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಆರಾಮ. ಬಿಸಿಲು ಮಾತ್ರ ಬೆಳಿಗ್ಗೆ ಒಂಬತ್ತಕ್ಕೇ ನೆತ್ತಿ ಸುಡುತ್ತಿದೆ. ನಿನ್ನೆ ಫೋನಿನಲ್ಲಿ ನೀನು ಸಿಟ್ಟಿನಲ್ಲಿದ್ದೆ, ಅದಕ್ಕೇ ನಾನು ಜಾಸ್ತಿ ಮಾತಾಡಲಿಲ್ಲ. ಕ್ರಿಕೆಟ್ ತಂಡದಲ್ಲಿ ನನ್ನನ್ನು ಆಡಿಸದೆ ಹೊರಗೆ ಕೂರಿಸ್ತಾರೆ, ನೀರಿನ ಬಾಟಲಿ ಹೊರೋಕೆ ಬೆಂಗಳೂರಿಗೆ ಬರಬೇಕಿತ್ತಾ, ಊರಿಗೆ ಬಂದುಬಿಡ್ತೀನಿ ಅಂದೆಯಲ್ಲ.

ವಿಜಯಪುರದ ರಾಜೇಶ್ವರಿ ಗಾಯಕವಾಡ್ ನಿನ್ನ ಹಾಗೇ ಎಡಗೈ ಸ್ಪಿನ್ನರ್. ಜೇವರ್ಗಿ, ಸಿಂದಗಿ ದಾಟಿದರೆ ಅವಳ ಊರು. ಮೊದಲು ಜಾವೆಲಿನ್ ಎಸೆಯುತ್ತಿದ್ದಳು, ಕ್ರಿಕೆಟ್ಟಿಗೆ ಬಂದದ್ದು ತಡವಾಗಿ. 2017ರ ಮಹಿಳಾ ವಿಶ್ವಕಪ್‌ನಲ್ಲಿ ಭಾರತಕ್ಕೆ ಆಡುತ್ತ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ತೆಗೆದಳು ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೂ ಮುಂಚೆ ಆರು ಪಂದ್ಯ ಹೊರಗೇ ಕೂತಿದ್ದಳು ಅನ್ನೋದು ಯಾರ ಬಾಯಲ್ಲೂ ಬರೋದಿಲ್ಲ.

ಯಾಕೆ ಕೂತಿದ್ದಳು ಗೊತ್ತಾ? ಯಾರೂ ಮೋಸ ಮಾಡಿರಲಿಲ್ಲ. ಅವಳ ಜಾಗದಲ್ಲಿ ಏಕ್ತಾ ಬಿಷ್ಟ್ ಆಡುತ್ತಿದ್ದಳು. ಅವಳೂ ಎಡಗೈ ಸ್ಪಿನ್. ಪಾಕಿಸ್ತಾನದ ವಿರುದ್ಧ 18 ರನ್ನಿಗೆ 5 ವಿಕೆಟ್ ಕಿತ್ತಿದ್ದಳು, ಅದೂ ಅದೇ ಡರ್ಬಿ ಮೈದಾನದಲ್ಲಿ. ಅಂಥವಳನ್ನು ಯಾರಾದರೂ ಕೂರಿಸ್ತಾರಾ? ಕೊನೆಗೆ ಸೆಮಿಫೈನಲ್‌ಗೆ ಹೋಗಬೇಕಾದರೆ ಗೆಲ್ಲಲೇಬೇಕಾದ ಪಂದ್ಯಕ್ಕೆ ರಾಜೇಶ್ವರಿಯನ್ನು ಇಳಿಸಿದರು. ನಾಯಕಿ ಮಿಥಾಲಿ ರಾಜ್ ಶತಕ ಹೊಡೆದಿದ್ದಳು, ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ 70 ಬಾರಿಸಿದ್ದಳು. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಅಷ್ಟು ದಿನ ಮುಖ ಊದಿಸಿಕೊಂಡು ನೆಟ್ಸಿನಲ್ಲಿ ಕಾಟಾಚಾರಕ್ಕೆ ಬಾಲ್ ಹಾಕಿದ್ದರೆ ಆವತ್ತು ಕೈ ಹಾಗೆ ತಿರುಗುತ್ತಿರಲಿಲ್ಲ.

ನಿನ್ನ ಜಾಗದಲ್ಲಿ ಆಡುವ ಹುಡುಗಿ ಚೆನ್ನಾಗಿ ಹಾಕ್ತಾಳೆ ಅಂತ ಹೋದ ತಿಂಗಳು ನೀನೇ ಹೇಳಿದ್ದೆ. ಈಗ ಅವಳಿಗೆ ವಶೀಲಿ ಇದೆ ಅಂತೀಯ. ಎರಡರಲ್ಲಿ ಮೊದಲನೇ ಮಾತನ್ನೇ ನಾನು ನಂಬುತ್ತೇನೆ.

ನನ್ನನ್ನು ಕೇಳಿದರೆ ಆ ಐದು ವಿಕೆಟ್ಟಿಗಿಂತ ಆಮೇಲಿನದೇ ನನಗೆ ಇಷ್ಟ. ರಾಜೇಶ್ವರಿ ಭಾರತಕ್ಕೆ ಮೊದಲ ಸಲ ಆಡಿದ್ದು 2014ರಲ್ಲಿ. ಅದೇ ವರ್ಷ ತಂದೆ ತೀರಿಕೊಂಡರು, ಮನೆ ಭಾರ ಅವಳ ಮೇಲೆ ಬಿತ್ತು. ವಿಶ್ವಕಪ್ ಮುಗಿಸಿ ಬಂದಾಗ ಸಚಿವರು ಕಾರು ಕೊಡಲು ಬಂದರು. ಕಾರು ಬೇಡ, ನಮಗೆ ಮನೆ ಬೇಕು ಅಂದಳು. ದೊಡ್ಡವರ ಮುಂದೆ ತನಗೆ ಬೇಕಾದದ್ದನ್ನು ನೆಟ್ಟಗೆ ಕೇಳೋದು ಸುಮ್ನೆ ಮಾತಲ್ಲ! ನೀನೂ ಕೋಚ್ ಹತ್ತಿರ ಹೋಗಿ ನನ್ನಲ್ಲಿ ಏನು ಕಮ್ಮಿ ಅಂತ ಕೇಳು. ನನ್ನ ಹತ್ತಿರ ಫೋನಿನಲ್ಲಿ ಕೂಗಾಡಿದರೆ ನಾನೇನು ಟೀಮ್ ಆರಿಸ್ತೀನಾ?

ನೀನು ಬಿಟ್ಟುಹೋದ ಹಳೇ ಬಾಲ್ ಕಪಾಟಿನಲ್ಲಿದೆ. ಒಂದು ಕಡೆಯ ಹೊಲಿಗೆ ಪೂರ್ತಿ ಕಿತ್ತು ದಾರ ಎದ್ದಿದೆ, ಇನ್ನೊಂದು ಕಡೆ ಎನ್.ವಿ. ಮೈದಾನದ ಧೂಳು ಹಿಡಿದು ಕೂತಿದೆ. ಎಸೆಯಬೇಡ ಅಂತ ನಿಮ್ಮ ಅವ್ವನಿಗೆ ಹೇಳಿದ್ದೇನೆ.

ಅಂದಹಾಗೆ, ಇನ್ನೂ ಹುಡುಗಿಯನ್ನು ಆಡಿಸ್ತೀರಾ ಅಂತ ಕಾಕು ಮೊನ್ನೆ ಮತ್ತೆ ಕೇಳಿದಳು. ನಿಮ್ಮ ಅವ್ವ ಕೊಟ್ಟ ಉತ್ತರ ಇಲ್ಲಿ ಬರೆಯುವ ಹಾಗಿಲ್ಲ.

ತೊಗರಿ ದುಡ್ಡು ಬಂತು. ಹರಿದ ಶೂ ಹಾಕಿಕೊಂಡು ಓಡಬೇಡ, ಹೊಸದು ತಗೋ. ಯುಗಾದಿಗೆ ಊರಿಗೆ ಬಾ, ಹೋಳಿಗೆ ತಿನ್ನು. ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ವಾಪಸ್ ಟಿಕೆಟ್ಟನ್ನೂ ಮಾಡಿಸಿಟ್ಟಿರುತ್ತೇನೆ.

ನಿನ್ನ ಅಪ್ಪ