ಎಲ್ಲ ಹೊಲಕ್ಕೂ ಒಂದೇ ಬೀಜವೇ? ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ ಮಂಡ್ಯ ಸೀಮೆಯಿಂದ ಬಹಿರಂಗ ಪತ್ರ

ಮಾನ್ಯರೇ,

ಈ ಮುಂಗಾರಿಗೂ ಎಲ್ಲ ಹೋಬಳಿಗೆ ಮುಸುಕಿನ ಜೋಳದ ಒಂದೇ ತಳಿ ಬಂದಿದೆ. ನಾಲೆ ಬಯಲಿಗೂ ಅದೇ, ಮಳೆ ನಂಬಿದ ಕೆಂಪು ಮರಳು ಹೊಲಕ್ಕೂ ಅದೇ 120 ದಿನದ್ದು. ಇದು ಯಾವ ಮಣ್ಣಿಗೆ ಆಗುತ್ತೆ ಅಂತ ಕೇಳಿದ ರೈತರೊಬ್ಬರಿಗೆ ಬೀಜ ಕೊಡುವ ಕೌಂಟರಿನಲ್ಲಿ ಸಿಕ್ಕ ಉತ್ತರ: "ಮಣ್ಣು ಯಾವ್ದಾದ್ರೇನು, ಸಬ್ಸಿಡಿ ಬೇಕೋ ಬ್ಯಾಡ್ವೋ ಹೇಳಿ." ಆಗ ಆ ರೈತರ ಕೈಯಲ್ಲಿದ್ದದ್ದು ಮಣ್ಣು ಆರೋಗ್ಯ ಕಾರ್ಡು. ನಿಮ್ಮ ಇಲಾಖೆಯೇ ಕೊಟ್ಟಿದ್ದು ಸ್ವಾಮಿ!

ನಿಮಗೆ ಗೊತ್ತಿಲ್ಲದ್ದೇನಲ್ಲ. ಮಂಡ್ಯದಲ್ಲಿ ದೊಡ್ಡ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಬಿತ್ತನೆ ಜುಲೈ ಕೊನೆಗೆ ಜಾರಿದರೆ 120 ದಿನದ ತಳಿ ಕೊಯ್ಲಿಗೆ ಬರುವುದು ನವೆಂಬರ್ ಕೊನೆಗೆ. ಕಾಳು ಗಟ್ಟಿಯಾಗುವ ಹೊತ್ತಿಗೆ ಮಳೆ ಹೋಗಿರುತ್ತದೆ, ಮರಳು ಮಣ್ಣು ಹತ್ತು ದಿನದ ತೇವವನ್ನೂ ಹಿಡಿದಿಡುವುದಿಲ್ಲ. ಇನ್ನು ಹೂವಿನ ಹೊತ್ತಿಗೇ ತೇವ ಆರಿತೋ, ಗಂಡು ಹೂವಿನ ಪುಡಿ ಉದುರಿದ ಮೇಲೆ ತೆನೆಯ ಕೂದಲು ಹೊರಗೆ ಬರುತ್ತದೆ, ಅರ್ಧ ತೆನೆ ಬೋಳು. ಅಂಥ ಹೊಲಕ್ಕೆ 90 ದಿನದ ಆಸುಪಾಸಿನ ತಳಿಯೇ ಬೇಕು. ಇಳುವರಿ ಕಮ್ಮಿ, ಒಪ್ಪಿದೆ. ಆದರೆ ಮನೆಗೆ ಬರುತ್ತದಲ್ಲ.

ನಾಲೆ ಬಯಲಿನ ಕಷ್ಟ ಬೇರೆ. ಅಲ್ಲಿ 120 ದಿನದ್ದು ನಡೆಯುತ್ತದೆ, ಆದರೆ ಬೋದಿನ, ಅಂದರೆ ಎತ್ತರಿಸಿದ ಸಾಲಿನ, ಮೇಲೆ ಬಿತ್ತಬೇಕು. ಭತ್ತದ ಗದ್ದೆಯ ಹಾಗೆ ಮಟ್ಟಸವಾಗಿ ಬಿತ್ತಿದರೆ, ಪೈರು ಮೊಣಕಾಲೆತ್ತರ ಬರುವ ಮೊದಲೇ ಎರಡು ಮೂರು ದಿನ ನೀರು ನಿಂತರೂ ಬೇರು ಉಸಿರುಗಟ್ಟಿ ಪೈರು ಹಳದಿಯಾಗುತ್ತದೆ.

ಎರಡೂ ಕಡೆ ಕಾಡುವುದು ಕೇದಿಗೆ ರೋಗ. ಎಳೆ ಪೈರಿನ ಎಲೆ ಬಿಳಿಚಿ, ಕಿರಿದಾಗಿ, ನೆಟ್ಟಗೆ ನಿಲ್ಲುತ್ತದೆ. ಬೆಳಗಿನ ಜಾವ ಎಲೆ ಮಗುಚಿದರೆ ಬಿಳಿ ಬೂಷ್ಟು. ಗಂಡು ಹೂವಿನ ಜಾಗದಲ್ಲಿ ಎಲೆಯ ಕಂತೆ, ತೆನೆ ಇಲ್ಲ. ರೋಗದ ಬೀಜಾಣು ಮಣ್ಣಲ್ಲೇ ಉಳಿಯುತ್ತದೆ, ಪಕ್ಕದ ಜೋಳದ ಹೊಲದಿಂದಲೂ ಹಾರಿ ಬರುತ್ತದೆ. ಪೈರಿಗೆ ಬಂದ ಮೇಲೆ ರೋಗದ ಗಿಡ ಕೀಳಬೇಕಾಗುತ್ತದೆ. ಆದ್ದರಿಂದ ರೋಗ ತಡೆಯುವ ತಳಿ ಬೇಕು, ಇಲ್ಲವೇ ಮೆಟಲಾಕ್ಸಿಲ್ ಅನ್ನುವ ಶಿಲೀಂಧ್ರನಾಶಕ ಹಚ್ಚಿದ ಬೀಜ. ಈ ರೋಗಕ್ಕೆ ತಳಿಗಳನ್ನು ಒಡ್ಡಿ ನೋಡುವುದು ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲೇ. ಹೇಮ, ನಿತ್ಯಶ್ರೀ ಹೈಬ್ರಿಡ್‌ಗಳು ಬಂದದ್ದೂ ಅಲ್ಲಿಂದಲೇ. ಅಲ್ಲಿಗೆ ಒಂದು ಫೋನು ಮಾಡುವಷ್ಟೂ ಪುರುಸೊತ್ತಿಲ್ಲವೇ?

ಕೇಳುವುದು ಇಷ್ಟೇ: ಹೋಬಳಿಯ ಮಣ್ಣು ನೋಡಿ ಕಡಿಮೆ ದಿನದ್ದೊಂದು, ಹೆಚ್ಚು ದಿನದ್ದೊಂದು, ಎರಡು ತಳಿ ತರಿಸಿ. ಬಿತ್ತನೆಗೆ ಮೊದಲು ತರಿಸಿ, ಮಳೆ ಹೋದ ಮೇಲಲ್ಲ. ಎಷ್ಟು ದಿನದ್ದು, ಯಾವ ಮಣ್ಣಿಗೆ, ಕೇದಿಗೆ ತಡೆಯುತ್ತದೋ ಇಲ್ಲವೋ, ಈ ಮೂರನ್ನು ಕೌಂಟರಿನ ಮುಂದೆ ಬರೆದು ಹಾಕಿಸಿ. ಎಕರೆಗೆ 6 ಕೆ.ಜಿ. ಬೀಜ, 60 ಸೆಂ.ಮೀ. ಸಾಲು ಅನ್ನುವುದು ಎಲ್ಲರಿಗೂ ಬಾಯಿಪಾಠ, ಅದನ್ನೇ ಮತ್ತೆ ಬರೆಸಬೇಡಿ. ಎರಡು ತಳಿ ತರಿಸಿ.

ಬೋರ್ಡಿಗೆ ಅನುದಾನ ಇಲ್ಲ ಅನ್ನುವುದಾದರೆ ಹೇಳಿಕಳುಹಿಸಿ, ಹಲಗೆ, ಸುಣ್ಣ ಎರಡೂ ನಾವೇ ತರುತ್ತೇವೆ.

ಇಂತಿ,
ಮುಸುಕಿನ ಜೋಳದ ಬೆಳೆಗಾರರು